ಈಜುಕೊಳ ನೋಡಿದ್ರಿ, ಕೌನ್ಸೆಲರ್‌ನ ನೋಡಿದ್ರಾ?

ಅಡ್ಮಿಷನ್ ಸೀಸನ್ ಬಂತೆಂದರೆ ಬೆಂಗಳೂರಿನ ಯುವ ಅಪ್ಪ-ಅಮ್ಮಂದಿರ ಶನಿವಾರಗಳೆಲ್ಲ ಶಾಲೆ ನೋಡೋದರಲ್ಲೇ ಕಳೆದುಹೋಗುತ್ತವೆ. ಎ.ಸಿ. ಕ್ಲಾಸ್‌ರೂಮು, ಈಜುಕೊಳ, ರೋಬೋಟಿಕ್ಸ್ ಲ್ಯಾಬು. ಸುತ್ತಿ ಮುಗಿಸುವಷ್ಟರಲ್ಲಿ ನಾವೇ ಮತ್ತೆ ಒಂದನೇ ಕ್ಲಾಸಿಗೆ ಸೇರಿಬಿಡೋಣ ಅನ್ನಿಸುತ್ತೆ! ಆದರೆ ಒಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನನ್ನ ಮಗು ಇಲ್ಲಿ ಎಡವಿದರೆ ಕೈಹಿಡಿಯೋರು ಯಾರು?

ಮೊದಲು ಹೆಸರಿನ ವಿಷಯ. ಗೇಟಿನ ಮೇಲೆ 'ಇಂಟರ್‌ನ್ಯಾಷನಲ್' ಅಂತ ಬರೆದ ಮಾತ್ರಕ್ಕೆ ಒಳಗಿನ ಪಾಠವೂ ಹಾಗೇ ಇರಬೇಕೆಂದೇನಿಲ್ಲ. ಆ ಹೆಸರಿಟ್ಟುಕೊಂಡು ಸಿಬಿಎಸ್‌ಇ, ಐಸಿಎಸ್‌ಇ ಕಲಿಸುವ ಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದರಲ್ಲಿ ತಪ್ಪಿಲ್ಲ, ಆದರೆ ಕಟ್ಟುವ ಫೀಸು ಯಾವುದಕ್ಕೆ ಅನ್ನೋದು ನಮಗೆ ಗೊತ್ತಿರಬೇಕು. ನಮ್ಮ ಕಡೆ ಹೆಚ್ಚು ಚಾಲ್ತಿಯಲ್ಲಿರುವ ಅಂತರರಾಷ್ಟ್ರೀಯ ಪಠ್ಯಕ್ರಮಗಳು ಎರಡು. ಕೇಂಬ್ರಿಜ್‌ನಲ್ಲಿ ಹತ್ತನೇ ಕ್ಲಾಸಿನ ಮಟ್ಟಕ್ಕೆ ಐಜಿಸಿಎಸ್‌ಇ, ಆಮೇಲೆ ಎ ಲೆವೆಲ್. 1968ರಲ್ಲಿ ಜಿನೀವಾದಲ್ಲಿ ಶುರುವಾದ ಐಬಿಯಲ್ಲಿ 3ರಿಂದ 12 ವರ್ಷದವರಿಗೆ ಪಿವೈಪಿ, 11ರಿಂದ 16ರವರಿಗೆ ಎಂವೈಪಿ, 16ರಿಂದ 19ರವರಿಗೆ ಡಿಪ್ಲೊಮಾ.

ಚಿಕ್ಕ ಕ್ಲಾಸುಗಳಲ್ಲಿ ಆಟದ ಹಾಗೆ ಕಾಣುವ ಈ ಓದು ಡಿಪ್ಲೊಮಾ ಹೊತ್ತಿಗೆ ನಿಜಕ್ಕೂ ಭಾರ. ಆರು ವಿಷಯ, ಒಂದೊಂದಕ್ಕೆ 7 ಅಂಕ. ಜೊತೆಗೆ 4,000 ಪದಗಳವರೆಗಿನ ಸಂಶೋಧನಾ ಪ್ರಬಂಧ, ಜ್ಞಾನದ ಬಗ್ಗೆಯೇ ಪ್ರಶ್ನೆ ಕೇಳುವ ಇನ್ನೊಂದು ಪಾಠ. ಇವೆರಡಕ್ಕೂ ಸೇರಿ 3 ಅಂಕ. ಒಟ್ಟು 45, ಪಾಸಾಗಲು ಕನಿಷ್ಠ 24. ಕಲೆ, ಕ್ರೀಡೆ, ಸೇವೆಯ ಚಟುವಟಿಕೆಗೆ ಅಂಕವಿಲ್ಲ, ಆದರೆ ಅದನ್ನು ಮುಗಿಸದೆ ಡಿಪ್ಲೊಮಾ ಸಿಗಲ್ಲ. ಡಾಕ್ಟರ್ ಆಗಬೇಕೆನ್ನುವ ಹುಡುಗಿಯೂ ಎರಡು ಭಾಷೆ, ಒಂದು ಸಮಾಜ ವಿಷಯ ಓದಲೇಬೇಕು. ಪಿಯುಸಿ ಓದಿ ಬಂದ ನಾವು ಮನೆಯಲ್ಲಿ ಪಕ್ಕ ಕೂತು ಹೇಳಿಕೊಡುತ್ತೇವೆ ಅಂದರೆ ಆಗುವ ಕೆಲಸವಲ್ಲ. ಅದಕ್ಕೇ ಶಾಲೆಯ ಬೆಂಬಲ ಎಷ್ಟಿದೆ ಅನ್ನೋದು ಮುಖ್ಯವಾಗೋದು.

ಈ ಬೆಂಬಲದಲ್ಲಿ ಮೂರು ಬಗೆ. ಒಂದು, ಭಾಷೆಯದ್ದು. ಮನೆಯಲ್ಲಿ ಕನ್ನಡ ಮಾತಾಡಿಕೊಂಡು ಬೆಳೆದ ಮಗು ಇಂಗ್ಲಿಷ್ ಚರ್ಚೆಯಲ್ಲಿ ಸುಮ್ಮನೆ ಕೂತರೆ ಅದಕ್ಕೆ ಪಾಠ ಅರ್ಥವಾಗಿಲ್ಲವೋ, ಬರೀ ಪದ ಸಿಗುತ್ತಿಲ್ಲವೋ? ಈ ವ್ಯತ್ಯಾಸ ಗುರುತಿಸಬಲ್ಲ ಟೀಚರ್ ಬೇಕು.

ಎರಡು, ಕಲಿಕೆಯದ್ದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆಗಳೂ ಸೇರಿವೆ. ಇಂಥ ಮಕ್ಕಳಿಗೆ ಐಬಿ, ಕೇಂಬ್ರಿಜ್ ಎರಡೂ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಅನುಕೂಲ ಕೊಡುತ್ತವೆ. ಆದರೆ ದಾಖಲೆ ಸಮೇತ ಮೊದಲೇ ಅರ್ಜಿ ಹಾಕಬೇಕಾದ್ದು ಶಾಲೆ. ಸ್ಪೆಷಲ್ ಎಜುಕೇಟರ್ ಇಲ್ಲದ ಕಡೆ ತೊಂದರೆ ಗೊತ್ತಾಗೋದೇ ತಡವಾಗಿ, ಅಲ್ಲಿಯವರೆಗೆ ಮಗುವಿಗೆ ಸಿಗೋದು 'ಸೋಮಾರಿ' ಅನ್ನೋ ಬಿರುದು.

ಮೂರು, ಮುಂದಿನ ದಾರಿಯದ್ದು. ಡಿಪ್ಲೊಮಾದಲ್ಲಿ ಗಣಿತಕ್ಕೇ ಎರಡು ಕೋರ್ಸುಗಳಿವೆ. ಯಾವುದನ್ನು ಯಾವ ಮಟ್ಟದಲ್ಲಿ ತಗೊಂಡ್ರು ಅನ್ನೋದರ ಮೇಲೆ ಕೆಲವು ವಿದೇಶಿ ಎಂಜಿನಿಯರಿಂಗ್ ಕಾಲೇಜುಗಳ ಬಾಗಿಲೇ ಮುಚ್ಚಬಹುದು. ಇಲ್ಲೇ ನೀಟ್, ಜೆಇಇ ಬರೆಯೋದಾದರೆ ಆ ತಯಾರಿ ಬೇರೆಯೇ ಆಗಬೇಕು. ಮೇ ಪರೀಕ್ಷೆಯ ಐಬಿ ಫಲಿತಾಂಶ ಬರೋದು ಜುಲೈ ಮೊದಲ ವಾರದಲ್ಲಿ. ಅಷ್ಟೊತ್ತಿಗೆ ಇಲ್ಲಿನ ಹಲವು ಕಾಲೇಜುಗಳಲ್ಲಿ ಅಡ್ಮಿಷನ್ ಶುರುವಾಗಿರುತ್ತೆ. ಇದನ್ನೆಲ್ಲ ಎರಡು ವರ್ಷ ಮೊದಲೇ ಕೂರಿಸಿಕೊಂಡು ಹೇಳೋರು ಬೇಕಲ್ಲ?

ಹಾಗಾಗಿ ಮುಂದಿನ ಶನಿವಾರ ಹೋಗುವಾಗ ಈ ಪ್ರಶ್ನೆಗಳನ್ನ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಐಬಿಯಿಂದ ಮಾನ್ಯತೆ ಸಿಕ್ಕಿದೆಯೋ, ಇನ್ನೂ ಅರ್ಜಿ ಹಂತದಲ್ಲಿದೆಯೋ? (ಐಬಿ ವೆಬ್‌ಸೈಟಿನಲ್ಲಿ ನೀವೇ ಹುಡುಕಿ ನೋಡಬಹುದು.) ಕೌನ್ಸೆಲರ್ ದಿನಾ ಬರ್ತಾರಾ, ವಾರಕ್ಕೊಮ್ಮೆಯಾ? ಒಬ್ಬರಿಗೆ ಎಷ್ಟು ಮಕ್ಕಳು? ಹೆಚ್ಚಿನ ಸಹಾಯ ಫೀಸಿನಲ್ಲೇ ಸೇರಿದೆಯಾ, ಶ್ಯಾಡೋ ಟೀಚರ್ ಬೇಕಾದರೆ ಸಂಬಳ ನಾವು ಕೊಡಬೇಕಾ? ಹನ್ನೊಂದನೇ ಕ್ಲಾಸಿಗೆ ಸೇರಿದವರಲ್ಲಿ ಪೂರ್ತಿ ಡಿಪ್ಲೊಮಾ ಮುಗಿಸಿದವರು ಎಷ್ಟು ಮಂದಿ? ಎಲ್ಲ ಬಗೆಯ ಮಕ್ಕಳನ್ನೂ ಒಳಗೊಳ್ಳುವ ಬಗ್ಗೆ ಲಿಖಿತ ನೀತಿ ಇರಲೇಬೇಕು ಅಂತ ಐಬಿ ತನ್ನ ಶಾಲೆಗಳಿಗೆ ಹೇಳುತ್ತೆ. ಅದರ ಪ್ರತಿ ಕೇಳಿ, ಸಂಕೋಚ ಬೇಡ.

ಇಎಂಐ ಕಟ್ಟಿದ ಹಾಗೆ ವರ್ಷಗಟ್ಟಲೆ ಫೀಸು ಕಟ್ಟುವವರು ನಾವು. ಬ್ರೋಷರ್‌ನಲ್ಲಿ ರ‍್ಯಾಂಕ್ ಬಂದವರ ಫೋಟೊ ಸಾಲಾಗಿ ಇದ್ದೇ ಇರುತ್ತೆ. ತಡವರಿಸಿದ ಮಕ್ಕಳಿಗೆ ಆ ಶಾಲೆ ಏನು ಮಾಡ್ತು ಅನ್ನೋದು ಮಾತ್ರ ನಾವು ಬಾಯಿಬಿಟ್ಟು ಕೇಳಿದರಷ್ಟೇ ತಿಳಿಯೋದು.