ಹೂಳಿನ ಪಂಚಾಂಗ

ನಮ್ಮಲ್ಲಿ ಬಹುಮಂದಿಯ ಮನೆಯ ಅಟ್ಟದ ಮೇಲೆ ಹಳೆಯ ವಾರಪತ್ರಿಕೆಗಳ ರಾಶಿಯೊಂದು ಇದ್ದೇ ಇರುತ್ತದೆ. ತಳದ ಸಂಚಿಕೆಯೇ ಎಲ್ಲಕ್ಕೂ ಹಳೆಯದೆಂದು ತಿಳಿಯಲು ಪಾಂಡಿತ್ಯವೇನೂ ಬೇಡ. ನಡುವಿನ ಸಂಚಿಕೆಗಳ ಮುಖಪುಟ ಹರಿದಿದ್ದರೂ, ಮೇಲೊಂದು ಕೆಳಗೊಂದು ದಿನಾಂಕ ಸಿಕ್ಕಿದರೆ ಉಳಿದವುಗಳ ಕಾಲವನ್ನು ಊಹಿಸಬಹುದು. ಸರೋವರದ ತಳದಲ್ಲಿ ಪದರಪದರವಾಗಿ ಕೂಡಿದ ಹೂಳೂ ಇಂಥದೇ ಒಂದು ರಾಶಿ.

ಆದರೆ ಹೂಳಿಗೆ ದಿನಾಂಕವನ್ನು ಅಚ್ಚೊತ್ತಿದವರು ಯಾರು? ಅದರಲ್ಲಿ ಹುದುಗಿದ ಎಲೆಗಳೇ! ಗಿಡ ಬದುಕಿರುವವರೆಗೆ ಗಾಳಿಯಿಂದ ವಿಕಿರಣಶೀಲ ಇಂಗಾಲವನ್ನು ಪಡೆಯುತ್ತದೆ. ಸತ್ತ ಬಳಿಕ ಅದು ಕ್ಷಯಿಸುತ್ತ, ಸುಮಾರು 5,730 ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಇದರಿಂದ ಕಾಲವನ್ನೆಣಿಸುವ ವಿಧಾನವನ್ನು ರೂಪಿಸಿದ ಅಮೆರಿಕದ ವಿಲ್ಲರ್ಡ್ ಲಿಬಿಯವರಿಗೆ 1960ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಈ ಗಡಿಯಾರಕ್ಕೂ ದೋಷಗಳುಂಟು. ಅಳತೆಯಲ್ಲಿ ಕೆಲವು ದಶಕಗಳ ಹೆಚ್ಚುಕಡಿಮೆ ಸಹಜ. ಅಲ್ಲದೆ ಗಾಳಿಯಲ್ಲಿ ಈ ಇಂಗಾಲದ ಪ್ರಮಾಣ ಎಲ್ಲ ಕಾಲದಲ್ಲಿಯೂ ಒಂದೇ ಸಮನಾಗಿರಲಿಲ್ಲ. ಮೇಲಿನ ಎಲೆಗೆ 4,000 ವರ್ಷ, ಅದಕ್ಕಿಂತ ಅರ್ಧ ಮೀಟರು ಕೆಳಗಿನ ಎಲೆಗೆ 3,900 ವರ್ಷ ಎಂದು ಲೆಕ್ಕ ಬಂದಿತೆನ್ನೋಣ. ಎರಡರಲ್ಲಿಯೂ ನೂರು ವರ್ಷ ಅತ್ತಿತ್ತಾಗಬಹುದು. ಯಾವುದನ್ನು ನಂಬುವುದು?

ಇಲ್ಲಿ ನೆರವಿಗೆ ಬರುವವರು ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್. ಅವರು ಗತಿಸಿದ ಮೇಲೆ, 1763ರಲ್ಲಿ, ಪ್ರಕಟವಾದ ಪ್ರಬಂಧದ ತಿರುಳು ಇಷ್ಟೆ: ಹೊಸ ಸಾಕ್ಷ್ಯವನ್ನು ಮೊದಲೇ ತಿಳಿದಿರುವುದರೊಡನೆ ಕೂಡಿಸಿ ತೂಗಬೇಕು. ಕದಡದ ಹೂಳಿನಲ್ಲಿ ಕೆಳಗಿನದು ಮೇಲಿನದಕ್ಕಿಂತ ಹಳೆಯದೆಂದು ನಾವು ಮೊದಲೇ ಬಲ್ಲೆವಷ್ಟೆ? ಆದಕಾರಣ ಮೇಲಿನ ಎಲೆಯ ವಯಸ್ಸನ್ನು ತುಸು ಇಳಿಸಿ, ಕೆಳಗಿನದನ್ನು ತುಸು ಏರಿಸಿದರೆ ಎರಡೂ ಹೊಂದುತ್ತವೆ. ನೆರೆಹೊರೆಯೊಡನೆ ಎಷ್ಟುಮಾತ್ರಕ್ಕೂ ಹೊಂದದ ಎಲೆಯಿದ್ದರೆ, ಅದು ದಡದ ಹಳೆಯ ಮಣ್ಣಿನಿಂದ ಕೊಚ್ಚಿ ಬಂದಿರಬಹುದೆಂದು ಶಂಕಿಸಿ ಅದರ ಮಾತಿಗೆ ಬೆಲೆ ತಗ್ಗಿಸುತ್ತಾರೆ. ಗಣಕಯಂತ್ರವು ಇಂಥ ಅಸಂಖ್ಯ ಹೊಂದಾಣಿಕೆಗಳನ್ನು ಪರೀಕ್ಷಿಸಿ, ಪ್ರತಿಯೊಂದು ಆಳಕ್ಕೂ ಸಂಭವನೀಯ ಕಾಲವನ್ನೂ ಸಂದೇಹದ ಮೇರೆಯನ್ನೂ ತಿಳಿಸುತ್ತದೆ.

ಜಪಾನಿನ ಸುಯಿಗೆತ್ಸು ಸರೋವರ ಈ ವಿದ್ಯೆಗೆ ಪ್ರಸಿದ್ಧ ಕ್ಷೇತ್ರ. ಅದರ ಶಾಂತವಾದ ತಳದಲ್ಲಿ ಮರದ ಉಂಗುರಗಳಂತೆ ವರ್ಷಕ್ಕೊಂದು ಪದರ ನಿಂತಿದೆ. 2006ರಲ್ಲಿ ಅಲ್ಲಿಂದ ಸುಮಾರು 73 ಮೀಟರು ಉದ್ದದ ಹೂಳಿನ ಕಂಬವನ್ನು ಹೊರತೆಗೆದರು. ಕೆಲವೆಡೆ ಪದರಗಳು ಮಸಕಾಗಿ ಎಣಿಕೆಗೆ ಸಿಕ್ಕಲಿಲ್ಲ. ಆಗ ಎಣಿಕೆ, ಎಲೆಗಳ ಇಂಗಾಲ, ಬೇಯ್ಸರ ಗಣಿತ ಮೂರೂ ಒಂದಾಗಿ ದುಡಿದುವು. 2012ರಲ್ಲಿ ಪ್ರಕಟವಾದ ಆ ಫಲ ಸುಮಾರು 52,800 ವರ್ಷಗಳ ಹಿಂದಿನವರೆಗೆ ಮುಟ್ಟಿತು. ಜಗತ್ತಿನ ಇತರ ಕಡೆಯ ಇಂಗಾಲದ ಲೆಕ್ಕವನ್ನು ತಿದ್ದಲೂ ಅದು ನೆರವಾಯಿತು.

ಇಷ್ಟು ಪ್ರಯಾಸವೇಕೆ? ಬರಗಾಲ ಮೊದಲು ಬಂದು ಊರು ಆಮೇಲೆ ಪಾಳಾಯಿತೊ, ಪಾಳಾದ ಮೇಲೆ ಬರ ಬಂದಿತೊ? ಲೆಕ್ಕ ನೂರು ವರ್ಷ ತಪ್ಪಿದರೆ ಕಾರಣವೇ ಕಾರ್ಯವಾಗಿ, ನಿರಪರಾಧಿಯಾದ ಮಳೆಯ ಮೇಲೆ ಅಪವಾದ ಬಿದ್ದೀತು. ಖಚಿತವೆಂದು ಹೇಳಿ ತಪ್ಪುವುದಕ್ಕಿಂತ, ಎಷ್ಟರ ಮಟ್ಟಿಗೆ ಖಚಿತವೆಂದು ಹೇಳುವುದೇ ವಿವೇಕ. ಈ ಪಾಠ ಹೂಳಿಗೆ ಮಾತ್ರವೇ ಅನ್ವಯಿಸುವುದೆ?