ನಾಟಿಕೋಳಿ ಸಾರಿಗೆ ವೈನ್ ಒಗ್ಗಲ್ಲ ಅಂದೋರು ಯಾರು?

ಚನ್ನರಾಯಪಟ್ಟಣದಲ್ಲಿ 'ವೈನ್ಸ್' ಅಂತ ಬೋರ್ಡ್ ಹಾಕಿರೋ ಅಂಗಡಿಗೆ ಹೋಗಿ ವೈನ್ ಕೇಳಿ ನೋಡಿ. ಬ್ರಾಂದಿ, ವಿಸ್ಕಿ ಸಾಲುಸಾಲು. ವೈನ್ ಇದ್ದರೆ ಮೂಲೇಲಿ ಧೂಳು ಹಿಡಿದ ಎರಡು ಬಾಟಲಿ. ಅದಕ್ಕೇ ನಮ್ಮಣ್ಣನ ಮಗ ಬೆಂಗಳೂರಿನ ಸೂಪರ್‌ಮಾರ್ಕೆಟ್‌ನಿಂದ ಒಂದು ತಂದಿದ್ದ. ಫಾರಿನ್ನಿಂದು, ದುಬಾರಿ, ಗಾಢ ಕೆಂಪು. ಮುದ್ದೆ, ನಾಟಿಕೋಳಿ ಸಾರಿನ ಜೊತೆ ಒಂದು ಗುಟುಕು ಕುಡಿದರೆ ಬಾಯೆಲ್ಲ ಒಗರು, ಉರಿ. "ನಮ್ಮೂಟಕ್ಕೆ ವೈನ್ ಸರಿಹೋಗಲ್ಲ ಚಿಕ್ಕಪ್ಪ, ಚೀಸ್ ಬೇಕು" ಅಂದ.

ಸುಳ್ಳು ಕಣ್ರೀ. ಸಾರಿಗೆ ಯಾಕೆ ಬೈತೀರಿ? ಕೆಂಪು ವೈನಿನ ಒಗರು ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರೋದು. ಖಾರದ ಬಾಯಿಗೆ ಆ ಒಗರೂ ಆಲ್ಕೋಹಾಲೂ ಬಿದ್ದರೆ ಉರಿ ಇನ್ನೂ ಏರುತ್ತೆ. ಖಾರದ ಸಾರಿಗೆ ಆಲ್ಕೋಹಾಲ್ ಕಮ್ಮಿ ಇರೋ, ತುಸು ಸಿಹಿಯಾದ ಬಿಳಿ ವೈನ್ ತಗೊಂಡು ಚೆನ್ನಾಗಿ ತಣ್ಣಗೆ ಮಾಡಿ. ಹುಣಸೆಹುಳಿ ಬಿದ್ದ ಸಾರಿಗೆ ಹುಳಿ ಇರೋ ವೈನೇ ಬೇಕು, ಇಲ್ಲಾಂದ್ರೆ ಸಪ್ಪೆ ಅನ್ಸುತ್ತೆ. ಗಾಢ ಕೆಂಪನ್ನ ಖಾರ ಕಮ್ಮಿ ಹಾಕಿ ಹುರಿದ ಕೊಬ್ಬಿರೋ ಕುರಿಮಾಂಸಕ್ಕೆ ಇಟ್ಕೊಳ್ಳಿ.

ಅಂಗಡೀಲಿ ರೇಟ್ ನೋಡೋಕೆ ಮುಂಚೆ ಬಾಟಲಿ ಮೇಲಿನ ಚೀಟಿ ಓದಿ: ಯಾವ ದ್ರಾಕ್ಷಿ, ಎಲ್ಲಿ ಬೆಳೆದದ್ದು, ಆಲ್ಕೋಹಾಲ್ ಎಷ್ಟು ಪರ್ಸೆಂಟ್. ನಂದಿಬೆಟ್ಟದ ಸುತ್ತಲೇ ವೈನ್ ದ್ರಾಕ್ಷಿ ಬೆಳೀತಾರೆ. 2007ರಲ್ಲೇ ರಾಜ್ಯ ಸರ್ಕಾರ ವೈನ್ ನೀತಿ ತಂತು, ದ್ರಾಕ್ಷಿ ಬೆಳೆಗಾರನ ಹೆಸರು ಹೇಳಿಕೊಂಡೇ. ಆದರೆ ಜಾಹೀರಾತಲ್ಲಿ ಇವತ್ತಿಗೂ ಗ್ಲಾಸಿನ ಪಕ್ಕ ಚೀಸೇ ಕೂತಿರುತ್ತೆ. ಮುದ್ದೆ ಇಟ್ಟರೆ ಇವರ ಮರ್ಯಾದೆ ಹೋಗುತ್ತಾ?

ಮುಂದಿನ ಹಬ್ಬಕ್ಕೆ ಹುಡುಗ ಬರ್ತಾನೆ. ಬಾಟಲಿ ನಾನು ಹೇಳಿದ್ದೇ ತರಬೇಕು ಅಂದಿದ್ದೀನಿ. ಸಾರಿಗೆ ಒಂದು ಮೆಣಸಿನಕಾಯೂ ಕಮ್ಮಿ ಹಾಕಲ್ಲ.