ಸೀತಾಂಗೋಳಿಯ ಹೆಡ್‌ಸೆಟ್ ಪಂಡಿತರಿಗೆ ಪ್ರತ್ಯುತ್ತರ

ವಿಡಿಯೋ ಗೇಮ್ ಆಡುವವರು ವಯರ್ ಇರುವ, ಕಿವಿಯನ್ನು ಪೂರ್ತಿ ಮುಚ್ಚುವ, ಮೈಕ್ ಬಾಯಿಯ ಹತ್ತಿರಕ್ಕೆ ಬರುವ ಸಾದಾ ಸ್ಟೀರಿಯೋ ಹೆಡ್‌ಸೆಟ್ ಕೊಳ್ಳಲಿ, ಉಳಿದದ್ದಕ್ಕೆ ದುಡ್ಡು ಸುರಿಯುವುದು ಬೇಡ ಎಂದು ನಾನು ಹೇಳುತ್ತ ಬಂದದ್ದಕ್ಕೆ ಸೀತಾಂಗೋಳಿ ಪೇಟೆಯಲ್ಲಿ ವಿರೋಧಿಗಳು ಕಡಿಮೆಯಿಲ್ಲ. ಸಂಜೆ ಬದಿಯಡ್ಕ ಬಸ್ಸಿಗೆ ಕಾಯುವ ಕಾಲೇಜು ಹುಡುಗರಿಂದ ಹಿಡಿದು, ಅಡಿಕೆ ಮಾರಿ ಬಂದು ಚಹಾ ಕುಡಿಯುವ ಅವರ ಅಪ್ಪಂದಿರ ತನಕ ಒಬ್ಬೊಬ್ಬರದು ಒಂದೊಂದು ತಕರಾರು. ಹುಡುಗರ ಕಣ್ಣಿಗೆ ನಾನು ಕಾಲ ಮುಗಿದವನು, ಅಪ್ಪಂದಿರ ಕಣ್ಣಿಗೆ ಮಕ್ಕಳನ್ನು ಹಾಳು ಮಾಡುವವನು. ಎರಡೂ ಕಡೆಯ ಬೈಗುಳ ಒಟ್ಟಿಗೆ ಸಿಕ್ಕುವ ಯೋಗ ಎಲ್ಲರಿಗೂ ಬರುವುದಿಲ್ಲ. ಬಂದಿರುವಾಗ ಉತ್ತರ ಕೊಟ್ಟುಬಿಡುತ್ತೇನೆ.

ಎಲ್ಲಕ್ಕಿಂತ ಗಟ್ಟಿ ದನಿ ಸರೌಂಡ್ ಪಕ್ಷದವರದು. "ಸ್ಟೀರಿಯೋ ಅಂದರೆ ಎಡ, ಬಲ ಎರಡೇ. ಹಿಂದಿನಿಂದ ಬಂದು ಹೊಡೆದರೆ ಗೊತ್ತಾಗುವುದು ಹೇಗೆ? ಪೆಟ್ಟಿಗೆಯ ಮೇಲೆ 7.1 ಅಂತ ಬರೆದಿರಬೇಕು" ಎನ್ನುತ್ತಾರೆ. ಬರೆದಿರುತ್ತದೆ, ಸರಿ. ಬಿಚ್ಚಿ ನೋಡಿದರೆ ಹೆಚ್ಚಿನವುಗಳ ಒಳಗಿರುವುದು ಕಿವಿಗೊಂದರಂತೆ ಎರಡೇ ಸ್ಪೀಕರು. ಸಿನಿಮಾ ಮಂದಿರದಲ್ಲಿ 7.1 ಎಂದರೆ ನಮ್ಮ ಸುತ್ತ ಏಳು ಕಡೆಯಿಂದ ಬರುವ ಶಬ್ದ, ಜೊತೆಗೆ ಗುಡುಗು-ಸ್ಫೋಟಕ್ಕೆ ಒಂದು ಸಬ್‌ವೂಫರ್. ಹೆಡ್‌ಸೆಟ್‌ನಲ್ಲಿ 7.1 ಎಂದರೆ ಅದರ ಜೊತೆ ಬರುವ ಸಾಫ್ಟ್‌ವೇರ್ ಹಾಕುವ ಲೆಕ್ಕ, ಅಷ್ಟೆ.

ಅಷ್ಟಕ್ಕೂ ನಮಗೆಲ್ಲ ಇರುವುದು ಎರಡೇ ಕಿವಿ. ಆದರೂ ರಾತ್ರಿ ಕಣ್ಣು ಮುಚ್ಚಿ ಮಲಗಿದವನಿಗೆ ದೂರದ ಯಕ್ಷಗಾನದ ಚೆಂಡೆ ಅನಂತಪುರದ ಕಡೆಯದೋ ಬೇಳದ ಕಡೆಯದೋ ತಿಳಿಯುತ್ತದೆ. ಶಬ್ದ ಹತ್ತಿರದ ಕಿವಿಗೆ ಮೊದಲು ಮುಟ್ಟುತ್ತದೆ, ಇನ್ನೊಂದಕ್ಕೆ ತುಸು ತಡವಾಗಿ. ಆ ತಡ ಹೆಚ್ಚೆಂದರೆ ಸುಮಾರು 0.7 ಮಿಲಿಸೆಕೆಂಡು. ಅಷ್ಟು ಸಾಕು ಮಿದುಳಿಗೆ. ಮುಂದಿನದೋ ಹಿಂದಿನದೋ ಎಂಬುದನ್ನು ಹೇಳುವುದು ಹೊರಗಿವಿಯ ಆ ಸುರುಳಿಗಳು. ಯಾವ ದಿಕ್ಕಿನಿಂದ ಬಂತು ಎನ್ನುವುದರ ಮೇಲೆ ಅವು ಶಬ್ದದ ಬಣ್ಣವನ್ನೇ ಸ್ವಲ್ಪ ಬದಲಿಸಿ ಒಳಗೆ ಬಿಡುತ್ತವೆ. ಈ ತಡವನ್ನೂ ಬಣ್ಣವನ್ನೂ ಲೆಕ್ಕ ಹಾಕಿ ಎರಡು ಸ್ಪೀಕರಿನಲ್ಲೇ ಎಂಟೂ ದಿಕ್ಕು ಹುಟ್ಟಿಸುವ ವಿದ್ಯೆಗೆ ಎಚ್‌ಆರ್‌ಟಿಎಫ್ ಎಂದು ಹೆಸರು.

ಪ್ರಶ್ನೆ ಇರುವುದು ಆ ಲೆಕ್ಕವನ್ನು ಯಾರು ಹಾಕಬೇಕು ಎಂಬಲ್ಲಿ. ಶತ್ರು ಯಾವ ಮಹಡಿಯಲ್ಲಿದ್ದಾನೆ, ಯಾವ ಗೋಡೆಯ ಹಿಂದಿದ್ದಾನೆ ಎಂಬುದು ಆಟಕ್ಕೆ ಗೊತ್ತು. ಹೆಡ್‌ಸೆಟ್‌ನ ಸಾಫ್ಟ್‌ವೇರಿಗೆ ಗೊತ್ತಿಲ್ಲ, ಅದರ ಕೈಗೆ ಸಿಗುವುದು ಆಗಲೇ ಕಲಸಿ ಮುಗಿಸಿದ ಶಬ್ದ. ಕೌಂಟರ್‌ಸ್ಟ್ರೈಕ್‌ನಲ್ಲಿ ಈ ಸೌಲಭ್ಯ ಆಟದೊಳಗೇ ಉಂಟು. ವ್ಯಾಲರಂಟ್‌ಗೆ 2021ರಲ್ಲಿ ಬಂತು. ಪ್ಲೇಸ್ಟೇಷನ್ 5 ಅಂತೂ 2020ರಲ್ಲಿ ಮಾರುಕಟ್ಟೆಗೆ ಬಂದಾಗಲೇ ಕಂಟ್ರೋಲರಿನ ತೂತಿಗೆ ಚುಚ್ಚಿದ ಯಾವ ಸಾದಾ ಹೆಡ್‌ಫೋನಿಗೂ ಮೂರು ಆಯಾಮದ ಶಬ್ದ ಕೊಡುತ್ತಿತ್ತು. ವಿಂಡೋಸ್‌ನಲ್ಲಿ ವಿಂಡೋಸ್ ಸೋನಿಕ್ ಪುಕ್ಕಟೆ. ಆಟ ಒಮ್ಮೆ ಲೆಕ್ಕ ಹಾಕಿದ ಮೇಲೆ ಹೆಡ್‌ಸೆಟ್ ಮತ್ತೊಮ್ಮೆ ಹಾಕಿದರೆ ಹೆಜ್ಜೆಸಪ್ಪಳ ಕಲಸಿಹೋಗಿ ಎಲ್ಲ ಕಡೆಯಿಂದಲೂ ಬಂದ ಹಾಗಾಗುತ್ತದೆ. ಎರಡರಲ್ಲಿ ಒಂದನ್ನು ಆಫ್ ಮಾಡಿ. ಆಫ್ ಮಾಡಬೇಕಾದದ್ದು ನೀವು ಹೆಚ್ಚಿಗೆ ದುಡ್ಡು ಕೊಟ್ಟು ತಂದದ್ದನ್ನು.

50 ಮಿಲಿಮೀಟರ್ ಡ್ರೈವರ್, 40,000 ಹರ್ಟ್ಸ್ ಎಂದು ಪೆಟ್ಟಿಗೆ ತೋರಿಸುವವರಿಗೆ ಉದ್ದ ಉತ್ತರ ಬೇಡ. ಮನುಷ್ಯನ ಕಿವಿ ಎಳವೆಯಲ್ಲಿ 20,000 ಹರ್ಟ್ಸ್‌ಗೆ ನಿಲ್ಲುತ್ತದೆ, ವಯಸ್ಸಾದಂತೆ ಇನ್ನೂ ಕೆಳಗಿಳಿಯುತ್ತದೆ. ಉಳಿದದ್ದನ್ನು ಕೇಳುವುದು ಮನೆಯ ಬೆಕ್ಕು. 1991ರಿಂದ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ದುಡಿಯುತ್ತಿರುವ ಸೋನಿ ಎಂಡಿಆರ್-7506ರ ಡ್ರೈವರ್ 40 ಮಿಲಿಮೀಟರಿನದು. ಗೇಮಿಂಗ್ ಎಂದು ಹಣೆಪಟ್ಟಿ ಹಚ್ಚಿದ ಅಗ್ಗದ ಹೆಡ್‌ಸೆಟ್‌ಗಳ ನಿಜವಾದ ರೋಗ ಉಬ್ಬಿಸಿದ ಬೇಸ್. ಕೆಳಸ್ವರದ ಗದ್ದಲ ಮೇಲಿನ ಸ್ವರಗಳನ್ನು ಮುಚ್ಚಿಬಿಡುವುದು ಕಿವಿಯ ಸ್ವಭಾವ. ಗ್ರೆನೇಡ್ ಸಿಡಿದಾಗ ಎದೆ ನಡುಗಬಹುದು, ಅದೇ ಹೊತ್ತಿಗೆ ಮೆಟ್ಟಿಲು ಹತ್ತುವವನ ಹೆಜ್ಜೆ ಕೇಳಿಸದೆ ಹೋಗುತ್ತದೆ.

"ಈಗ ವಯರ್ ಯಾರು ಮಾರಾಯ್ರೆ ಹಾಕುವುದು?" ಈ ಪ್ರಶ್ನೆಯನ್ನು ಹುಡುಗರು ಕಿವಿಯಲ್ಲಿ ಬ್ಲೂಟೂತ್ ಬಡ್ಸ್ ಇಟ್ಟುಕೊಂಡೇ ಕೇಳುತ್ತಾರೆ. ಹಾಡು ಕೇಳುವುದಕ್ಕೆ, ಬಸ್ಸಿನಲ್ಲಿ ಮಾತಾಡುವುದಕ್ಕೆ ಅದು ಚೆನ್ನ, ನನ್ನ ಆಕ್ಷೇಪವಿಲ್ಲ. ಆಟದಲ್ಲಿ ಎರಡು ತೊಂದರೆ. ಸಾಮಾನ್ಯ ಬ್ಲೂಟೂತ್‌ನಲ್ಲಿ ಶಬ್ದ ಕಿವಿಗೆ ಬರುವ ಹೊತ್ತಿಗೆ ಸುಮಾರು 150ರಿಂದ 250 ಮಿಲಿಸೆಕೆಂಡು ಕಳೆದಿರುತ್ತದೆ. ಸೆಕೆಂಡಿಗೆ 60 ಚಿತ್ರ ಓಡುವ ಪರದೆಯಲ್ಲಿ 200 ಮಿಲಿಸೆಕೆಂಡು ಎಂದರೆ 12 ಚಿತ್ರ ದಾಟಿಹೋದ ಹಾಗೆ. ಗುಂಡು ತಗಲಿದ ಮೇಲೆ ಢಂ ಅನ್ನುತ್ತದೆ. ಗೇಮ್ ಮೋಡ್ ಇರುವ ಬಡ್ಸ್‌ಗಳಲ್ಲಿ ಈ ತಡ ಬಹಳ ಇಳಿಯುತ್ತದೆ ಎಂಬುದು ನಿಜ. ಆದರೆ ಎರಡನೆಯ ತೊಂದರೆ ಅದರಿಂದ ತೀರುವುದಿಲ್ಲ. ಬಡ್ಸ್‌ನ ಮೈಕ್ ತೆರೆದ ಕ್ಷಣಕ್ಕೆ ಹಳೆಯ ಬ್ಲೂಟೂತ್ ಪದ್ಧತಿ ಸ್ಟೀರಿಯೋವನ್ನು ಬಿಟ್ಟು ಫೋನ್ ಕರೆಯ ದರ್ಜೆಗೆ ಇಳಿಯುತ್ತದೆ: ಒಂದೇ ಚಾನೆಲ್, ಕಿರಿದಾದ ಶಬ್ದ. ಎಡವೂ ಇಲ್ಲ, ಬಲವೂ ಇಲ್ಲ. ಗೆಳೆಯರೊಡನೆ ಮಾತಾಡುತ್ತ ಬಿಜಿಎಂಐ ಆಡುವವನಿಗೆ ದಿಕ್ಕು ತಪ್ಪುವುದು ಇಲ್ಲಿಯೇ. ಹೊಸ ಎಲ್‌ಇ ಆಡಿಯೋ ಇದನ್ನು ಸರಿಮಾಡುತ್ತದೆ, ಫೋನ್ ಮತ್ತು ಹೆಡ್‌ಸೆಟ್ ಎರಡೂ ಅದಕ್ಕೆ ಒಪ್ಪಿದರೆ ಮಾತ್ರ. ವಯರ್ ಬೇಡವೇ ಬೇಡ ಎಂಬ ಹಠವಿದ್ದರೆ ಪುಟ್ಟ ಯುಎಸ್‌ಬಿ ಡಾಂಗಲ್ ಜೊತೆ ಬರುವ 2.4 ಗಿಗಾಹರ್ಟ್ಸ್‌ನದನ್ನು ತನ್ನಿ. ಬೆಲೆ ಹೆಚ್ಚು, ತಡ ಹೆಚ್ಚಿಲ್ಲ. ಗಾಳಿಮಳೆಗೆ ತೆಂಗಿನ ಮಡಲು ಲೈನಿನ ಮೇಲೆ ಬಿದ್ದು ಕರೆಂಟು ಹೋದ ರಾತ್ರಿ ಚಾರ್ಜು ಮುಗಿಯಿತು ಎಂದು ಮಾತ್ರ ನನ್ನ ಹತ್ತಿರ ಬರಬೇಡಿ.

ವಯರಿನವರ ಸಮಸ್ಯೆಯೂ ಉಂಟು, ಅದನ್ನು ಎದುರು ಪಕ್ಷದವರು ಎತ್ತಲಿಲ್ಲ, ನಾನೇ ಹೇಳುತ್ತೇನೆ. ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ. ಲೋಹದ ಮೇಲೆ ಮೂರು ಕಪ್ಪು ಉಂಗುರ ಕಂಡರೆ ಎಡ, ಬಲ, ಗ್ರೌಂಡ್, ಮೈಕ್ ನಾಲ್ಕೂ ಅದರಲ್ಲಿವೆ, ಫೋನಿಗೆ ನೇರ ಹೊಂದುತ್ತದೆ. ಎರಡೇ ಉಂಗುರ ಇದ್ದರೆ ಅದರಲ್ಲಿ ಮೈಕ್ ಇಲ್ಲ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ಹಸಿರು ತೂತು ಒಂದು, ಗುಲಾಬಿ ತೂತು ಒಂದು; ಅಲ್ಲಿ ಮೂರು ಉಂಗುರದ ಪಿನ್ನನ್ನು ಹಸಿರಿಗೆ ಚುಚ್ಚಿ "ಮೈಕ್ ಹಾಳು" ಎಂದು ಅಂಗಡಿಗೆ ಹಿಂದೆ ತರುವವರು ಉಂಟು. ಬೇಕಾದದ್ದು ಕವಲೊಡೆದ ಒಂದು ಚಿಕ್ಕ ವಯರು. ತೂತೇ ಇಲ್ಲದ ಹೊಸ ಫೋನಿಗೆ ಟೈಪ್-ಸಿ ಅಡಾಪ್ಟರ್ ಕೊಳ್ಳುವಾಗ ಒಳಗೆ ಡಿಜಿಟಲ್ ಸಂಕೇತವನ್ನು ಶಬ್ದಕ್ಕೆ ತಿರುಗಿಸುವ ಡಿಎಸಿ ಚಿಪ್ ಇರುವುದನ್ನೇ ಕೇಳಿ ತನ್ನಿ. ಚಿಪ್ ಇಲ್ಲದ ಅಗ್ಗದವು ಕೆಲವು ಫೋನುಗಳಲ್ಲಿ ಮೂಕವಾಗಿ ಕೂರುತ್ತವೆ.

"ಮೈಕ್ ಹೇಗಿದ್ದರೇನು, ನನ್ನ ಸ್ವರ ನನಗೆ ಕೇಳಬೇಕಾಗಿಲ್ಲವಲ್ಲ" ಎಂದವನೊಬ್ಬನಿದ್ದಾನೆ. ಇಷ್ಟು ಪ್ರಾಮಾಣಿಕವಾದ ಸ್ವಾರ್ಥವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವನ ತಂಡದ ನಾಲ್ವರಲ್ಲಿ ಒಬ್ಬ ತುಳುವಿನಲ್ಲಿ ಕೂಗುತ್ತಾನೆ, ಒಬ್ಬ ಬ್ಯಾರಿಯಲ್ಲಿ, ಒಬ್ಬನದು ಮಲಯಾಳ, ಇವನದು ಹವ್ಯಕ ಕನ್ನಡ. ಯಾರೂ ಯಾರಿಗೂ ಭಾಷೆ ಬದಲಿಸುವುದಿಲ್ಲ, ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತದೆ. ಅದು ನಮ್ಮ ಊರಿನ ಗುಣ. ಆದರೆ ಅರ್ಥವಾಗಲಿಕ್ಕೆ ವ್ಯಂಜನಗಳು ಕಿವಿಗೆ ಮುಟ್ಟಬೇಕು. ಸ, ಶ, ಫ ಇವುಗಳ ಸತ್ವ ಇರುವುದು ಮೇಲಿನ ಸ್ವರಗಳಲ್ಲಿ, ಕಳಪೆ ಮೈಕ್ ಮೊದಲು ಕತ್ತರಿಸುವುದೂ ಅದನ್ನೇ. ಸೀತಾಂಗೋಳಿಯಲ್ಲಿ ವಿಮಾನಗಳ ಇಲೆಕ್ಟ್ರಾನಿಕ್ ಉಪಕರಣ ತಯಾರಿಸುವ ಎಚ್‌ಎಎಲ್ ಕಾರ್ಖಾನೆಯೇ ಇರುವಾಗ ವಿಮಾನದ ಉದಾಹರಣೆ ಕೊಡಲು ನಾನು ಹಿಂಜರಿಯುವುದಿಲ್ಲ. ಪೈಲಟ್‌ನ ಮೈಕ್ ತುಟಿಗೆ ತಾಗುವಷ್ಟು ಹತ್ತಿರ ಇರುವುದು ಶೋಕಿಗಲ್ಲ, ಇಂಜಿನ್ನಿನ ಗದ್ದಲಕ್ಕಿಂತ ಅವನ ಮಾತು ಮೈಕಿಗೆ ಬಲವಾಗಿ ತಲುಪಲಿ ಎಂದು. ಕೊಕ್ಕಿನ ಹಾಗೆ ಬಾಗಿ ಬಾಯಿಯ ಮೂಲೆಗೆ ಬರುವ ಮೈಕ್ ಸಾವಿರ ರೂಪಾಯಿ ಕಡಿಮೆಯದಾದರೂ ಕೆನ್ನೆಯ ಮೇಲೆ ಅವಿತ ಮೈಕಿಗಿಂತ ಮೇಲು.

ವಿಮಾನದ ಮಾತು ಬಂದಾಗ ನಾಯ್ಸ್ ಕ್ಯಾನ್ಸಲಿಂಗ್ ಪಕ್ಷದವರಿಗೂ ಉತ್ತರಿಸಬಹುದು. "ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಕೂತು ಆಡಲಿಕ್ಕೆ ಅದು ಬೇಡವೇ?" ಕೇಳುವಂಥದೇ ಪ್ರಶ್ನೆ; ಜೂನ್ ಜುಲೈಯಲ್ಲಿ ನಮ್ಮಲ್ಲಿ ಶೀಟಿನ ಕೆಳಗೆ ಎದುರು ಕೂತವನ ಮಾತೂ ಕೇಳುವುದಿಲ್ಲ. ಹೆಡ್‌ಫೋನಿನಲ್ಲಿ ಈ ತಂತ್ರ ಬಳಸುವ ಯೋಚನೆ ಬೋಸ್ ಕಂಪೆನಿಯ ಅಮರ್ ಬೋಸ್‌ಗೆ ಬಂದದ್ದು 1978ರಲ್ಲಿ, ವಿಮಾನಯಾನದ ನಡುವೆ. ಅವರ ಕಂಪೆನಿ ಅದನ್ನು ಮೊದಲು ಮಾರಿದ್ದು 1989ರಲ್ಲಿ, ಪೈಲಟ್‌ಗಳಿಗೆ. ಹೊರಗಿನ ಶಬ್ದವನ್ನು ಮೈಕಿನಿಂದ ಹಿಡಿದು, ಅದರ ತಲೆಕೆಳಗಾದ ಅಲೆ ಹುಟ್ಟಿಸಿ ಹೊಡೆದುಹಾಕುವ ಉಪಾಯ. ಇಂಜಿನ್, ಫ್ಯಾನು, ಎಸಿಯಂಥ ಒಂದೇ ಸಮನೆ ಗುಂಯ್ಗುಡುವ ಕೆಳಸ್ವರಗಳ ಮೇಲೆ ಅದು ಸೈ. ಶೀಟಿನ ಮೇಲೆ ಬೀಳುವ ಹನಿಗಳ ಶಬ್ದ ಬಹುಪಾಲು ಮೇಲಿನ ಸ್ವರದ್ದು, ಪ್ರತಿ ಹನಿಯದೂ ಬೇರೆ ಬೇರೆ ಹೊಡೆತ. ಅದನ್ನು ತಡೆಯುವುದು ದಪ್ಪ ಕುಶನ್, ಕಿವಿಯ ಸುತ್ತ ಎಡೆ ಬಿಡದ ಹಿಡಿತ. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ಅಂಗಡಿಯಲ್ಲಿ ಇಪ್ಪತ್ತು ನಿಮಿಷ ಕೂತು ನೋಡಲಿ. ಕಡ್ಡಿಯ ಹತ್ತಿರ ಎಡೆ ಬಿಟ್ಟರೆ ಮಳೆಯೆಲ್ಲ ಒಳಗೆ, ಒತ್ತಿ ಹಿಡಿದರೆ ಅರ್ಧ ಗಂಟೆಯಲ್ಲಿ ಕಣತಲೆ ನೋವು. ತೂಕ 300 ಗ್ರಾಂ ಒಳಗೆ ಇದ್ದರೆ ಕುತ್ತಿಗೆಗೂ ಸುಖ.

ಮಳೆಯ ಇನ್ನೊಂದು ಉಪದ್ರವವನ್ನು ಬೆಂಗಳೂರಿನಲ್ಲಿ ಕೂತು ವಿಮರ್ಶೆ ಮಾಡುವವರು ಬರೆಯುವುದಿಲ್ಲ. ಹೊಳೆಯುವ ಕಪ್ಪು ರೆಕ್ಸಿನಿನ ಕುಶನ್ ಪಾಲಿಯುರೆಥೇನ್‌ನದ್ದು. ನಮ್ಮ ಗಾಳಿಯ ಪಸೆಗೆ ಅದು ಒಳಗಿನಿಂದಲೇ ಒಡೆಯುತ್ತದೆ. ಎರಡು ಮಳೆಗಾಲ ಕಳೆದಾಗ ಕಿವಿ, ಕುತ್ತಿಗೆ, ಅಂಗಿಯ ಕಾಲರಿನ ಮೇಲೆಲ್ಲ ಕರಿ ಸಿಪ್ಪೆ. ತೊಳೆದರೂ ಬೆವರಿಗೆ ಮತ್ತೆ ಅಂಟುತ್ತದೆ. ಬಟ್ಟೆಯ ಕುಶನ್ ಹೊರಗಿನ ಶಬ್ದವನ್ನು ತುಸು ಹೆಚ್ಚು ಬಿಡುತ್ತದೆ, ಆದರೆ ಸಿಪ್ಪೆ ಏಳುವುದಿಲ್ಲ. ಯಾವುದೇ ಇರಲಿ, ಕುಶನ್ ಕಳಚಿ ಬೇರೆ ಹಾಕಲು ಬರುತ್ತದೆಯೇ, ಬಿಡಿಯಾಗಿ ಮಾರಾಟಕ್ಕುಂಟೇ ಎಂದು ಕೇಳಿ. ಕುಶನ್ ಸತ್ತ ಹೆಡ್‌ಸೆಟ್‌ನಲ್ಲಿ ಸ್ಪೀಕರು ಇನ್ನೂ ಜೀವಂತ ಇರುತ್ತದೆ.

"ದುಬೈಯಿಂದ ಭಾವ ತರುತ್ತಾನೆ, ಅಲ್ಲಿ ಅಗ್ಗ" ಎನ್ನುವ ವಾದ ಕುಂಬಳೆ ಸೀಮೆಯಲ್ಲಿ ಮನೆಮನೆಯದು. ಕೆಲವೊಮ್ಮೆ ಅಗ್ಗವೇ. ಆದರೆ ಹೆಚ್ಚಿನ ಕಂಪೆನಿಗಳ ವಾರಂಟಿ ಕೊಂಡ ದೇಶಕ್ಕೆ ಮಾತ್ರ. ಕೇಬಲ್ ಬುಡದಲ್ಲಿ ತುಂಡಾದರೆ ಭಾವ ಮುಂದಿನ ರಜೆಗೆ ಬರುವ ತನಕ ಕಾಯಬೇಕು. ಎರಡು ಸಾವಿರದಿಂದ ನಾಲ್ಕು ಸಾವಿರದೊಳಗೆ ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಸಿಕ್ಕುವ ಕಳಚುವ ಕೇಬಲ್ಲಿನದು ಆ ಮಟ್ಟಿಗೆ ನಿಶ್ಚಿಂತೆ. ಬಣ್ಣದ ದೀಪದ ಬಗ್ಗೆ ಕೇಳಿದವರಿಗೆ ಒಂದೇ ಮಾತು: ಹಾಕಿಕೊಂಡವನಿಗೆ ಅದು ಕಾಣುವುದಿಲ್ಲ.

ಇನ್ನು ಹಿರಿಯರ ಕಡೆಗೆ. "ಆಟವೇ ದಂಡ, ಅದಕ್ಕೆ ಇದೊಂದು ಸಲಕರಣೆ" ಎಂದವರಿಗೆ ಹೆಚ್ಚು ಹೇಳಲಾರೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2025ರ ಕೇಂದ್ರ ಕಾಯ್ದೆಯೇ ಇ-ಸ್ಪೋರ್ಟ್ಸ್‌ಗೆ ಮನ್ನಣೆ ಕೊಟ್ಟಿದೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದಕ್ಕೆ ಪದಕಗಳೂ ಇದ್ದವು. ಚದುರಂಗ, ಇಸ್ಪೀಟಿನ ಬಗ್ಗೆ ಅವರ ಅಪ್ಪಂದಿರು ಏನೆನ್ನುತ್ತಿದ್ದರು ಎಂಬುದನ್ನು ಅವರೇ ನೆನಪಿಸಿಕೊಳ್ಳಲಿ.

"ಕಿವಿ ಹಾಳಾಗ್ತದೆ" ಎಂಬ ಮಾತನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಹಿರಿಯರ ಭಯ ಸರಿ, ಆರೋಪಿ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ ಮಿತಿ, ಮಕ್ಕಳಿಗೆ 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧಕ್ಕಿಳಿಯಬೇಕು: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಗೇಮಿಂಗ್ ಮತ್ತು ಶ್ರವಣದ ಬಗ್ಗೆ ನಡೆದ 14 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಲೇಖನ 2024ರ ಜನವರಿಯಲ್ಲಿ ಬಿಎಂಜೆ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ಆಟಗಾರರು ಕೇಳುವ ಶಬ್ದದ ಮಟ್ಟ ಹಲವು ಕಡೆ ಈ ಮಿತಿಯ ಹತ್ತಿರ ಅಥವಾ ಆಚೆ ಇತ್ತು ಎಂಬುದು ಅದರ ಸಾರ. ಗಮನಿಸಬೇಕಾದದ್ದು ವಾಲ್ಯೂಮ್ ಮತ್ತು ಗಂಟೆಗಳನ್ನು. ಅದರ ಮೇಲೆ, ಕಿವಿ ಮುಚ್ಚದ ಅಗ್ಗದ ಇಯರ್‌ಫೋನು ಹಾಕಿದವನು ಮಳೆ ಜೋರಾದಂತೆ ವಾಲ್ಯೂಮ್ ಏರಿಸುತ್ತಾನೆ, ಮಳೆ ನಿಂತರೂ ಇಳಿಸುವುದಿಲ್ಲ. ಗಟ್ಟಿಯಾಗಿ ಮುಚ್ಚುವ ಹೆಡ್‌ಸೆಟ್‌ನಲ್ಲಿ ಏರಿಸುವ ಕಾರಣವೇ ಕಡಿಮೆ. ಗಂಟೆಗಳ ವಿಷಯದಲ್ಲಿ ನಾನು ಅಪ್ಪಂದಿರ ಪಕ್ಷ.

ಕಡೆಯ ತಕರಾರು ಒಬ್ಬ ಅಮ್ಮನದು. ಊಟಕ್ಕೆ ಕರೆದರೆ ಕೇಳುವುದಿಲ್ಲ, ಮೇಲೆ ರಾತ್ರಿ ಹನ್ನೊಂದಕ್ಕೆ "ಬಲೆ, ಬಲೆ" (ಬನ್ನಿ, ಬನ್ನಿ) ಎಂದು ತುಳುವಿನಲ್ಲಿ ಬೊಬ್ಬೆ. ಬೊಬ್ಬೆಗೆ ಮದ್ದುಂಟು. ತನ್ನ ಸ್ವರ ತನಗೇ ಕೇಳದ ಕಾರಣ ಮುಚ್ಚಿದ ಕಿವಿಯವನು ಕಿರುಚುತ್ತಾನೆ. ಮೈಕಿನ ಮಾತನ್ನು ಸ್ವಲ್ಪ ಅವನ ಕಿವಿಗೂ ಕೊಡುವ ಸೈಡ್‌ಟೋನ್ ಎಂಬ ಸೌಲಭ್ಯ ಹಲವು ಯುಎಸ್‌ಬಿ ಹೆಡ್‌ಸೆಟ್‌ಗಳ ಸೆಟ್ಟಿಂಗ್‌ನಲ್ಲಿ ಇರುತ್ತದೆ, ತೆರೆದರೆ ಸ್ವರ ತಾನಾಗಿ ಇಳಿಯುತ್ತದೆ. ಊಟಕ್ಕೆ ಕರೆದರೆ ಕೇಳದಿರುವುದಕ್ಕೆ ಹೆಡ್‌ಸೆಟ್ ಇಲ್ಲದಾಗ ಕೇಳುತ್ತಿತ್ತೇ ಎಂದು ನಾನು ವಿಚಾರಿಸಿದೆ. ಅವರು ಉತ್ತರ ಕೊಡದೆ ಚೀಲ ಎತ್ತಿಕೊಂಡು ಬಸ್ಸು ಹತ್ತಿದರು.